ಹಗಲು ಮುಗಿಯದ ಗ್ರಹ

“ತಡೀರಿ, ಮುಚ್ಚಳ ಹಾಕ್ಬೇಡಿ,” ಎಂದು ಸತ್ತವನ ಹೆಂಡತಿ ಶವಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಬಗ್ಗಿದ್ದ ನಾಲ್ವರೂ ಹಾಗೇ ನಿಂತರು. ಅವರಲ್ಲೊಬ್ಬ ಖಗೋಳ ವಿಜ್ಞಾನಿ. ಸತ್ತವನ ಜೊತೆ ತಾರಾಲಯದಲ್ಲಿ ಕೆಲಸ ಮಾಡಿದವನು. ಅವಳು ಅವನನ್ನೇ ಕೇಳಿದಳು: “ಆ ಗ್ರಹ ಯಾವ ದಿಕ್ಕಿಗಿದೆ? ಇವರ ಮುಖ ಆ ಕಡೆಗೇ ಇರ್ಬೇಕು.”

“ಈಗ್ಯಾಕಮ್ಮ ಅದೆಲ್ಲ?” ಎಂದ ಅವಳ ಅಣ್ಣ. “ಗಾಡಿಯವನು ಆಗ್ಲೇ ಹಾರ್ನ್ ಹೊಡೀತಿದಾನೆ.”

“ಹೊಡೀಲಿ ಬಿಡು. ಮಗಳು ಅಲ್ಲಿ ಕಾಯ್ತಿದಾಳೆ. ಇವರಿಗೋ ಪಕ್ಕದ ಬೀದೀಲೇ ದಾರಿ ತಪ್ಪತ್ತೆ.”

ಯಾರಿಗೋ ನಗು ಬಂತು, ನುಂಗಿಕೊಂಡರು. ಆ ಗ್ರಹವೇ ಇಲ್ಲ ಎಂಬುದು ಆ ಕೋಣೆಯಲ್ಲಿ ವಿಜ್ಞಾನಿಯೊಬ್ಬನಿಗೇ ಗೊತ್ತಿತ್ತು.

*

ಸತ್ತವನು ತಾರಾಲಯದ ಗುಮ್ಮಟದಡಿ ಕೂತು ಜನರಿಗೆ ನಕ್ಷತ್ರಗಳ ವಿವರಣೆ ಹೇಳುತ್ತಿದ್ದ. ಕಂಠ ಅಂಥದ್ದು, ಎಲ್ಲರೂ ‘ಆಕಾಶವಾಣಿ’ ಎಂದೇ ಕರೆಯುತ್ತಿದ್ದರು. ಆರು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಆ ಕಂಠ ಉಡುಗಿಹೋಯಿತು. ಮಗುವಿಗೆ ಕತ್ತಲೆಂದರೆ ಪ್ರಾಣಭಯ. ದೀಪ ಆರಿಸಿದರೆ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದಳು. ಮಣ್ಣು ಮಾಡಿ ಬಂದಾಗಿನಿಂದ ಹೆಂಡತಿಯದು ಒಂದೇ ಮಾತು: “ಅಲ್ಲಿ ಎಷ್ಟು ಕತ್ತಲೋ.”

ಅದೇ ವರ್ಷ ವಿಜ್ಞಾನಿಯ ತಂಡ ದೂರದ ಕೆಂಪು ನಕ್ಷತ್ರವೊಂದರ ಸುತ್ತ ಗ್ರಹವಿದೆ ಎಂದಿತು. ಹನ್ನೊಂದು ದಿನಕ್ಕೊಂದು ವರ್ಷ. ಒಂದು ಮಗ್ಗುಲಿಗೆ ಸದಾ ಹಗಲು. ಲೆಕ್ಕಕ್ಕೆ ಸಿಕ್ಕಿದ್ದು ಅಷ್ಟೇ. ಸಮುದ್ರ, ಮರಳದಂಡೆ, ಜೇನುಬಣ್ಣದ ಬಿಸಿಲು, ಇವೆಲ್ಲ ಅಪ್ಪನ ಸೇರ್ಪಡೆ.

“ಅವಳು ಹಗಲಿನ ಮಗ್ಗುಲಲ್ಲಿದಾಳೆ ಕಣೇ. ತಿಂಗಳಿಗೆ ಎರಡ್ಮೂರು ಹುಟ್ಟುಹಬ್ಬ ಬೇರೆ. ಮಜಾ ಅವಳಿಗೆ,” ಎಂದ. ಹೆಂಡತಿಗೆ ಅಂದು ನಿದ್ದೆ ಹತ್ತಿತು.

ನಾಲ್ಕು ವರ್ಷವಾದ ಮೇಲೆ ವಿಜ್ಞಾನಿಯೇ ತಾರಾಲಯಕ್ಕೆ ಬಂದು ತಲೆ ತಗ್ಗಿಸಿ ನಿಂತ. “ತಪ್ಪಾಗಿದೆ ಅಣ್ಣ. ಅದು ಗ್ರಹ ಅಲ್ಲ. ನಕ್ಷತ್ರದ ಮೇಲಿನ ಕಲೆಗಳು ನಮ್ಮನ್ನ ಏಮಾರಿಸಿದ್ವು.”

ಮಗುವಿನ ಅಪ್ಪ ಮೈಕಿನ ವೈರು ಸುತ್ತಿಟ್ಟ. “ನಾಳೆಯಿಂದ ಇಲ್ಲಿ ಜನರಿಗೆ ಆ ಗ್ರಹದ ವಿಷಯ ಹೇಳಲ್ಲ. ಮನೇಲಿ ಮಾತ್ರ ಇರ್ಲಿ. ಇನ್ನೊಂದ್ಸಲ ಮಗಳನ್ನ ಮಣ್ಣು ಮಾಡೋಕೆ ನನ್ನ ಕೈಲಾಗಲ್ಲ.”

ಅಲ್ಲಿಂದ ಹತ್ತು ವರ್ಷ, ಇಲ್ಲದ ಆ ಗ್ರಹ ಆ ಮನೆಯಲ್ಲಿ ಬೆಳೆಯುತ್ತಲೇ ಹೋಯಿತು. ವಿಜ್ಞಾನಿಗೆ ಆ ಮನೆಗೆ ಊಟಕ್ಕೆ ಹೋಗಲೂ ಭಯವಾಗುತ್ತಿತ್ತು.

*

“ಹೇಳಿ,” ಎಂದಳು ಹೆಂಡತಿ.

ನಕ್ಷತ್ರವಂತೂ ಇತ್ತು. ವಿಜ್ಞಾನಿ ಗಡಿಯಾರ ನೋಡಿ, ಮನಸ್ಸಿನಲ್ಲೇ ಲೆಕ್ಕ ಹಾಕಿ, ನೆಲದತ್ತ ಬೆರಳು ತೋರಿಸಿದ. “ಈ ಹೊತ್ತಿಗೆ ಅದು ಭೂಮಿಯ ಆಚೆ ಕಡೆ ಇರತ್ತೆ ಅತ್ತಿಗೆ. ನಮ್ಮ ಕಾಲಡಿಗೆ.”

“ಹಾಗಾದ್ರೆ ಮಣ್ಣಿಗಿಳಿಸಿದ್ರೆ ಅಷ್ಟು ಹತ್ತಿರವೇ ಆಯ್ತು.” ಅವಳು ಗಂಡನ ಕಾಲರ್ ಸರಿಮಾಡಿದಳು. ಆಮೇಲೆ ಏನೋ ಹೊಳೆದಂತೆ, “ಸದಾ ಬಿಸಿಲು ಅಂದ್ಮೇಲೆ ನೆಲ ಸುಡ್ತಿರತ್ತೆ ಅಲ್ವಾ?” ಎಂದಳು.

ಅಳೆಯದೆ ಏನನ್ನೂ ಹೇಳಿದವನಲ್ಲ ವಿಜ್ಞಾನಿ.

“ಹೌದು,” ಎಂದ. “ಮರಳು ತುಂಬಾ ಕಾದಿರತ್ತೆ.”

ಅವಳು ಒಳಗೆ ಹೋಗಿ ಒಂದು ಜೊತೆ ಹೊಸ ಚಪ್ಪಲಿ ತಂದಳು. ಅಂಗೈಯಿಂದ ಧೂಳು ಒರೆಸಿ, ಗಂಡನ ಕೈಯ ಪಕ್ಕಕ್ಕೆ ಇಟ್ಟಳು. ಅವು ಮಗುವಿನವಲ್ಲ. ಇಪ್ಪತ್ತು ತುಂಬಿದ ಹೆಣ್ಣಿನ ಕಾಲಿನ ಅಳತೆಯವು.