ಬುಟ್ಟಿಯಡಿಯ ಪಾತರಗಿತ್ತಿ

ಜಗತ್ತೆಲ್ಲ ಯುದ್ಧದ ಚಿಂತೆಯಲ್ಲಿದ್ದ ೧೯೪೪ರ ಬೇಸಿಗೆಯಲ್ಲಿ, ಬಳ್ಳಾರಿ ಕಂಟೋನ್ಮೆಂಟಿನ ಹಿಂದಿನ ಸಾಲುಮನೆಯೊಂದರಲ್ಲಿ ಅದಕ್ಕಿಂತ ಗಹನವಾದ ಪ್ರಶ್ನೆಯೊಂದು ಇತ್ಯರ್ಥವಾಗಬೇಕಿತ್ತು: ಸತ್ತವನ ಹೆಜ್ಜೆ ಮೂಡಲು ಜೋಳದ ಹಿಟ್ಟು ಸಾಕೋ, ಅಕ್ಕಿ ಹಿಟ್ಟೇ ಬೇಕೋ?

“ಬದುಕಿದ್ದಾಗ ಜ್ವಾಳಾನ ತಿಂದ. ಈಗರ ಅಕ್ಕಿ ತುಳೀಲಿ,” ಎಂದು ತಾಯಿ ಸುಂಕಮ್ಮ ತೀರ್ಪು ಕೊಟ್ಟಳು.

ಅವಳ ಮಗ ಹುಲುಗಪ್ಪ ಕಂಟೋನ್ಮೆಂಟಿನ ಬಿಳಿ ದೊರೆಯೊಬ್ಬನ ತೋಟದ ಮಾಲಿ. ದೊರೆಯ ಜೊತೆ ನೀಲಗಿರಿಗೆ ಹೋದವನು, ಜ್ವರ ಬಂದು ಅಲ್ಲೇ ಮಣ್ಣಾಗಿದ್ದ. ಮನೆಗೆ ಬಂದದ್ದು ಅವನ ಕಂಬಳಿ, ಮತ್ತು ಮೋಡ ಕವಿದ ಕಾಡಿನಲ್ಲಿ ಅವನೇ ಅಗೆದು ಕುಂಡಕ್ಕಿಟ್ಟಿದ್ದ ಒಂದು ಗಿಡ. ಅದರ ಎಲೆ ಮೇಯುತ್ತಿದ್ದ ಹುಳು ಹೆಂಡತಿ ಹೊನ್ನೂರಮ್ಮನ ಕಣ್ಣೆದುರೇ ತಲೆಕೆಳಗಾಗಿ ನೇತುಬಿದ್ದು, ಚರ್ಮ ಕಳಚಿ, ಹಸಿರು ಕೋಶವಾಗಿತ್ತು.

ಸತ್ತ ಜಾಗದಲ್ಲಿ ಹಿಟ್ಟು ಹರಡಿ ಬುಟ್ಟಿ ಮುಚ್ಚುವುದು ಪದ್ಧತಿ. ಬೆಳಗ್ಗೆ ಯಾವ ಪ್ರಾಣಿಯ ಹೆಜ್ಜೆ ಕಂಡರೂ ಸತ್ತವನು ಬೇರೆ ಜನ್ಮಕ್ಕೆ ಹೋದನೆಂದು ಅರ್ಥ. ಹೆಂಡತಿ ಉಡಿಕೆಯಾಗಿ ಇನ್ನೊಬ್ಬನ ಮನೆ ಸೇರಬಹುದು. ಸತ್ತ ಜಾಗ ದೂರವಿದ್ದುದರಿಂದ ಹಿಟ್ಟನ್ನು ಕುಂಡದ ಸುತ್ತ ಹರಡಿ, ಮೇಲೆ ದೊಡ್ಡ ಬುಟ್ಟಿ ಮುಚ್ಚಿದರು. ಹೊನ್ನೂರಮ್ಮನ ಅಣ್ಣ ಮಾರೆಣ್ಣ ಆಗಲೇ ಸಿರುಗುಪ್ಪದಲ್ಲಿ ಗಂಡು ನೋಡಿ ಬಂಡಿ ತಂದಿದ್ದ. ಹೊನ್ನೂರಮ್ಮ ಸೀರೆಗಳ ಗಂಟು ಕಟ್ಟಿಯೂ ಆಗಿತ್ತು.

ಬೆಳಗ್ಗೆ ಬುಟ್ಟಿ ಎತ್ತಿದರೆ ಹೆಜ್ಜೆ ಇರಲಿಲ್ಲ. ಬಿಳಿ ಹಿಟ್ಟಿನ ಮೇಲೆ ಕೆಂಪು ಹನಿಗಳಿದ್ದವು.

“ಯವ್ವಾ, ರಗತ!” ಎಂದಳು ಸುಂಕಮ್ಮ.

“ರಗತಲ್ಲತ್ತಿ. ಗೂಡು ಒಡದು ಪಾತರಗಿತ್ತಿ ಬಂದೈತಿ, ಅದರದಾ ಹನಿ. ನೋಡ್ರಿ, ಗಿಡದಾಗ ಕುಂತೈತಿ.”

“ಆ ಹುಳ ಎಲ್ಲಿಂದ ಬಂತು?”

“ಆ ಗುಡ್ಡದಿಂದ.”

“ಯಾರ ಗಿಡದಾಗ?”

ಅಷ್ಟೊಂದು ವಿವರಿಸಬಾರದಿತ್ತು ಎಂದು ಹೊನ್ನೂರಮ್ಮನಿಗೆ ಆಗ ಹೊಳೆಯಿತು.

“ಹೆಜ್ಜಿ ಬಿದ್ರ ಹೋದಂಗ. ನನ್ನ ಮಗ ತಾನಾ ಬಂದು ಕುಂತಾನ. ಮನ್ಯಾಗ ಗಂಡನ್ನ ಇಟಗೊಂಡು ಉಡಿಕಿ ಹೆಂಗ ಆಗ್ತೀಯವ್ವಾ?”

“ಎಷ್ಟು ದಿನ ಇದ್ದೀತು ಯಮ್ಮಾ? ಅದು ಸತ್ತಮ್ಯಾಲ ಕಳಸು,” ಎಂದ ಮಾರೆಣ್ಣ.

“ಇನ್ನೊಮ್ಮಿ ಸಾಯ್ಲಿ ಅಂತೀಯೇನೋ?”

ಆದರೂ ಮಾತು ಅಲ್ಲಿಗೇ ನಿಂತಿತು: ಅದು ಇರುವತನಕ ಇವಳೂ ಇರಬೇಕು.

ಬಳ್ಳಾರಿಯ ಬಿಸಿಲು ಮೋಡದ ನಾಡಿನ ಜೀವಕ್ಕೆಂದು ರಿಯಾಯಿತಿ ತೋರುವಂಥದಲ್ಲ. ಅತ್ತೆಯ ಅಪ್ಪಣೆಯಂತೆ ಹೊನ್ನೂರಮ್ಮ ಕುಂಡದ ಸುತ್ತ ಒದ್ದೆ ಗೋಣಿ ಕಟ್ಟಿದಳು.

“ಲೇ ಹೊನ್ನೂರಿ, ಗೋಣಿ ಒಣಗಾಕ ಬಿಡು,” ಅಣ್ಣ ಪಿಸುಗುಟ್ಟಿದ. “ಎತ್ತಿಗೆ ಮೇವು ಮುಗೀತು.”

ಅವಳು ಬಿಟ್ಟಳು. ಗೋಣಿ ಒಣಗಿತು. ರೆಕ್ಕೆ ಮೆಲ್ಲಗೆ ತೆರೆಯಿತು, ಮೆಲ್ಲಗೆ ಮುಚ್ಚಿತು. ಜ್ವರದಲ್ಲಿ ಮಲಗಿದವರ ಎದೆ ಹಾಗೆ ಏಳುತ್ತದೆ. ಗಂಡನ ಜ್ವರವನ್ನು ಅವಳು ನೋಡಿರಲಿಲ್ಲ. ತಂಬಿಗೆ ತುಂಬ ನೀರು ತಂದು ಗೋಣಿಗೆ ಸುರಿದಳು.

ಮರುದಿನ ಮಧ್ಯಾಹ್ನ ಅದು ಹಿಟ್ಟಿನ ಮೇಲೆ ಬಿದ್ದಿತ್ತು; ಊದಿದರೂ ರೆಕ್ಕೆ ಅಲುಗಲಿಲ್ಲ. ಹೊನ್ನೂರಮ್ಮ ಎತ್ತಿ ಎಲೆಯ ಮೇಲಿಟ್ಟು, ಬೀಳದಂತೆ ಜಾಲಿಮುಳ್ಳು ಚುಚ್ಚಿದಳು. ಗೋಣಿಗೆ ಮತ್ತೆ ನೀರು ಹಾಕಿದಳು.

“ಅದಾನೇನಬೇ?” ಮಲಗಿದಲ್ಲಿಂದಲೇ ಸುಂಕಮ್ಮ ಕೇಳಿದಳು.

“ಅದಾನತ್ತಿ.”

ಮಾರೆಣ್ಣ ಖಾಲಿ ಬಂಡಿ ಹೊಡೆದುಕೊಂಡು ಸಿರುಗುಪ್ಪಕ್ಕೆ ಹೋದ.