ಕರ್ಣವಿಲ್ಲದ ಚೌಕ

ಒಂದು ತಟ್ಟೆ ಹುಳು ಕಾಣೆಯಾಗಿತ್ತು. ಕದ್ದವಳು ಪ್ರೇಮಾ ಎಂದು ತೀರ್ಮಾನವೂ ಆಗಿಹೋಗಿತ್ತು.

ತೀರ್ಮಾನ ಮಾಡಿದವರು ಶಿವಕುಮಾರಸ್ವಾಮಿ. ಮಧುವನಹಳ್ಳಿಯಾಚೆ ಅವರದೊಂದು ಚಾಕಿ ಕೇಂದ್ರ. ಅಂದರೆ ರೇಷ್ಮೆಹುಳುವಿನ ಮರಿಗಳನ್ನು ಎರಡನೇ ಜ್ವರ ದಾಟಿಸಿ ರೈತರಿಗೆ ಕೊಡುವ ಜಾಗ. ಜ್ವರವೆಂದು ಗಾಬರಿಯಾಗಬೇಕಿಲ್ಲ, ಹುಳು ಪೊರೆ ಬಿಡುವುದಕ್ಕೆ ಈ ಕಡೆ ಹಾಗೆನ್ನುತ್ತಾರೆ. ಹನ್ನೊಂದು ವರ್ಷದಿಂದ ಆ ಮರಿಗಳಿಗೆ ಸೊಪ್ಪು ಹೆಚ್ಚಿ ಹಾಕುತ್ತಿದ್ದವಳು ಪ್ರೇಮಾ.

ನಿನ್ನೆ ಬೆಳಿಗ್ಗೆ ಹುಳುವಿನ ಕೋಣೆಯಲ್ಲಿ ಐದು ತಟ್ಟೆ ಇಟ್ಟು ಅವಳು ಸೊಪ್ಪಿಗೆಂದು ತೋಟಕ್ಕೆ ಹೋಗಿದ್ದಳು. ನಾಲ್ವರು ರೈತರು ಬಂದು ತಮ್ಮ ತಮ್ಮ ತಟ್ಟೆ ಒಯ್ಯುವುದಿತ್ತು. ಐದನೆಯದು ಇವತ್ತು ಬರುವವರಿಗೆ. ಹೊತ್ತೇರಿದ ಮೇಲೆ ಯಜಮಾನರು ನೋಡಿದರೆ ಕೋಣೆಯಲ್ಲಿ ಒಂದೂ ಇಲ್ಲ. ಸೀದಾ ತೋಟಕ್ಕೆ ನುಗ್ಗಿ, ಸೊಪ್ಪು ಕೊಯ್ಯುತ್ತಿದ್ದ ಆರು ಹೆಂಗಸರ ಮುಂದೆ, "ಎಲ್ಲೋಯ್ತು ತಟ್ಟೆ? ಉಳ ಸಾಕೋ ನಿಮ್ಮಣ್ಣನ್ ಮನ್ಗೆ ಸಾಗಿಸ್ಬುಟ್ಟಾ, ಕಳ್ಳಿ?" ಎಂದು ಕೂಗಿದ್ದರು. ಪ್ರೇಮಾ ಕತ್ತಿ, ಡಬ್ಬಿ ಬಿಟ್ಟು ಮನೆಗೆ ನಡೆದುಬಿಟ್ಟಳು.

ಕೂಗಾಡಿದ ಮೇಲೆ ವಿಚಾರಣೆ. ತಟ್ಟೆ ಹೋದದ್ದು ಗೊತ್ತಾದರೆ ಕೇಂದ್ರದ ಹೆಸರು ಕೆಡುತ್ತದಲ್ಲ, ಅದಕ್ಕೇ ಯಾಕೆ ಏನು ಎಂದು ಹೇಳದೆ, ನಾಲ್ವರಿಗೂ ಫೋನು ಮಾಡಿ "ಬಂದಾಗ ಯಾರ್ಯಾರ್ನ ನೋಡುದ್ರಿ? ಅವರೇನ್ ಮಾಡುದ್ರು?" ಎಂದಷ್ಟೇ ಕೇಳಿದರು. ತಮ್ಮ ಜಾಣತನಕ್ಕೆ ತಾವೇ ಮೆಚ್ಚಿ ಎಲ್ಲವನ್ನೂ ಹಾಳೆಯಲ್ಲಿ ಬರೆದುಕೊಂಡರು. ಒಬ್ಬೊಬ್ಬರೂ ಬಂದರು, ಒಂದು ತಟ್ಟೆ ತೆಗೆದುಕೊಂಡರು, ಹೋದರು. ಯಾರ ಕೈಯಲ್ಲೂ ಎರಡಿರಲಿಲ್ಲ. ಮಿಕ್ಕವಳು ಪ್ರೇಮಾ ಒಬ್ಬಳೇ.

ಇವತ್ತು ಭಾನುವಾರ. ತನ್ನ ಸೊಪ್ಪಿನ ಕತ್ತಿ, ಊಟದ ಡಬ್ಬಿ ಒಯ್ಯಲು ಪ್ರೇಮಾ ಬಂದಳು. ಕೆಲಸ ಹೋದರೆ ಕೂಲಿಯಾದರೂ ಸಿಕ್ಕೀತು, ಕಳ್ಳಿ ಎನ್ನುವ ಹೆಸರು ಹೊತ್ತು ಯಾರ ಹುಳುಮನೆಯ ಬಾಗಿಲಿಗೂ ಹೋಗುವಂತಿರಲಿಲ್ಲ. ಜಗಲಿಯ ಮೇಲೆ ಯಜಮಾನರ ಮಗಳು ದಿವ್ಯ ಕಾಫಿ ಕುಡಿಯುತ್ತ ಆ ಹಾಳೆಯನ್ನೇ ನೋಡುತ್ತಿದ್ದಳು. ಯಳಂದೂರಿನ ಕಾಲೇಜೊಂದರಲ್ಲಿ ಗಣಿತದ ಮೇಡಂ ಅವಳು. ಕೈಯಲ್ಲಿ ಪೆನ್ನಿದ್ದರೆ ಸುಮ್ಮನಿರುವ ಹೆಣ್ಣಲ್ಲ. ನಾಲ್ವರಿಗೆ ನಾಲ್ಕು ಚುಕ್ಕಿ ಇಟ್ಟು, ಒಬ್ಬರನ್ನೊಬ್ಬರು ನೋಡಿದವರ ನಡುವೆ ಗೆರೆ ಎಳೆದಳು. ರುದ್ರಸ್ವಾಮಿಯಿಂದ ಪುಟ್ಟಮಲ್ಲಪ್ಪ, ಅವರಿಂದ ಮಾದಸ್ವಾಮಿ, ಅವರಿಂದ ಲೊಕ್ಕನಹಳ್ಳಿಯ ದೊಡ್ಡಮಾದಪ್ಪ, ಅಲ್ಲಿಂದ ಮತ್ತೆ ರುದ್ರಸ್ವಾಮಿ. ಎದುರುಬದುರು ಮೂಲೆಯವರು ಒಬ್ಬರನ್ನೊಬ್ಬರು ಕಂಡೇ ಇಲ್ಲವಂತೆ.

"ಅಪ್ಪಾಜಿ, ಇದು ಆಗಕ್ಕಿಲ್ಲ," ಎಂದಳು ಪಕ್ಕದಲ್ಲಿ ಕೂತಿದ್ದ ತಂದೆಗೆ.

"ಏನಾಗಕ್ಕಿಲ್ಲ?"

"ಇವ್ರಲ್ಲಿ ಯಾರೋ ಒಬ್ರು ಮೊದ್ಲು ಹೊರಟಿರ್ಬೇಕಲ್ಲ? ರುದ್ರಸ್ವಾಮಿ ಅಂತ್ಲೇ ಇಟ್ಕಳಿ. ಅವ್ರು ಪುಟ್ಟಮಲ್ಲಪ್ಪನ್ನೂ ನೋಡವ್ರೆ, ದೊಡ್ಡಮಾದಪ್ಪನ್ನೂ ನೋಡವ್ರೆ. ಅವ್ರು ಹೊರಡೋವಾಗ ಆ ಇಬ್ರೂ ಇನ್ನೂ ಒಳ್ಗೇ ಇರ್ಬೇಕು. ಇರೋದು ಒಂದೇ ಕೋಣೆ. ಒಬ್ರಿಗೊಬ್ರು ಕಾಣ್ದೆ ಹೆಂಗಿರ್ತಾರೆ? ಯಾವ ಮೂಲೆಯವ್ರು ಮೊದ್ಲು ಹೊರಟ್ರು ಅಂದ್ರೂ ಇದೇ ಗತಿ. ಈ ಚೌಕಕ್ಕೆ ಒಂದಾದ್ರೂ ಕರ್ಣ ಇರ್ಬೇಕು. ಇಲ್ಲ ಅಂದ್ರೆ ಯಾರೋ ಎರಡು ಸಲ ಬಂದವ್ರೆ!"

"ಅವ್ರೇನು ಸುಳ್ಳೇಳೋ ಜನಾನಾ?" ಯಜಮಾನರು ಸಿಡುಕಿದರು.

ಚೌಕ, ಕರ್ಣ ಪ್ರೇಮಾಳ ತಲೆಗೆ ಹೋಗಲಿಲ್ಲ. ಎರಡು ಸಲ ಎಂಬುದು ಮಾತ್ರ ಚುರುಕ್ಕನೆ ಹೋಯಿತು. "ಸುಳ್ಳು ಯಾರೂ ಏಳಿಲ್ಲ ಸಾ. ಬಂದ್ರು, ಓದ್ರು ಅಂತ ಬರ್ಕಂಡಿದ್ದೀರಲ್ಲ, ಓಗೋವಾಗ ಏನಂದ್ರಂತೆ?"

"ಇನ್ನೇನಂತಾರೆ? ಬತ್ತೀನಿ ಅಂದ್ರಂತೆ."

ಈ ಸೀಮೆಯಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಅದು ಅಪಶಕುನ. ಬತ್ತೀನಿ ಎನ್ನುತ್ತಾರೆ, ಕೇಳಿದವರು ಹೋದರು ಎಂದು ತಿಳಿಯುತ್ತಾರೆ. ಯಾರಾದರೂ ನಿಜವಾಗಿ ಬಂದುಬಿಟ್ಟರೆ?

ದಿವ್ಯ ಒಬ್ಬೊಬ್ಬರಿಗೇ ಫೋನು ಮಾಡಿ ಸ್ಪೀಕರ್ ಹಾಕಿದಳು, ಪ್ರೇಮಾ ಕೇಳಿದಳು: "ಬತ್ತೀನಿ ಅಂದಿದ್ರಂತೆ, ಬಂದ್ರಾ?" ರುದ್ರಸ್ವಾಮಿ ನಕ್ಕರು. ಪುಟ್ಟಮಲ್ಲಪ್ಪ ಬೈದರು. ಮೂರನೆಯವರು ದೊಡ್ಡಮಾದಪ್ಪ.

"ಬಂದ್ನಲ್ಲ ಕಣವ್ವಾ! ಮೊಪೆಡ್ನಲ್ಲಿ ಎರಡು ತಟ್ಟೆ ಕೂರಕ್ಕಿಲ್ಲ. ಒಂದ್ನ ಬಸ್‌ಸ್ಟ್ಯಾಂಡಲ್ಲಿ ಎಡ್ತಿ ಕೈಗ್ ಕೊಟ್ಟು, ತಿರ್ಗಾ ಬಂದು ಇನ್ನೊಂದ್ನ ತಕಂಡೋದೆ. ಬೇಕಾದ್ರೆ ಇನ್ನೊಂದೂ ತಕಳಿ ಅಂತ ಯಜಮಾನ್ರೇ ಅನೂರ್ ಸಂತೇಲಿ ಅಂದಿದ್ರಲ್ಲ!"

ಶಿವಕುಮಾರಸ್ವಾಮಿಗೆ ಹನೂರಿನ ಸಂತೆ ನೆನಪಾಯಿತು. ಕಬ್ಬಿನಹಾಲು ಕುಡಿಯುತ್ತ ಧಾರಾಳವಾಗಿ ಹಾಗೆಂದದ್ದೂ ನೆನಪಾಯಿತು. ಗಂಟಲು ಸರಿಮಾಡಿಕೊಂಡರು.

"ಸರಿ ಬುಡವ್ವಾ, ಆದದ್ದಾಯ್ತು. ನೀನ್ ತಕಂಡಿಲ್ಲ. ಓಗು, ಸೊಪ್ಪಾಕು."

ಪ್ರೇಮಾ ಕದಲಲಿಲ್ಲ. "ನಾನ್ ತಕಂಡಿಲ್ಲ ಅಂತ ನಂಗೊತ್ತು ಸಾ. ನಂಗ್ಯಾಕೆ ಏಳ್ತೀರಿ?"

ಯಜಮಾನರು ಮಗಳ ಕಡೆ ನೋಡಿದರು. ಮಗಳು ಕಾಫಿ ಲೋಟದ ಕಡೆ ನೋಡಿದಳು. ಕಡೆಗೆ ಅವರೇ ಎದ್ದು ಚಪ್ಪಲಿ ಮೆಟ್ಟಿ, ಬಿಸಿಲಲ್ಲಿ ತೋಟಕ್ಕೆ ನಡೆದರು. ಪ್ರೇಮಾ ಹಿಂದೆ ಹೋದಳು. ಆರು ಹೆಂಗಸರೂ ಕತ್ತಿ ನಿಲ್ಲಿಸಿದರು.

"ತಪ್ಪು ನಂದು. ಪ್ರೇಮಾ ಕಳ್ಳಿ ಅಲ್ಲ," ಎಂದರು ಶಿವಕುಮಾರಸ್ವಾಮಿ ಮೆಲ್ಲಗೆ.

"ಕೇಳ್ಲಿಲ್ಲ ಕಣ್ರಿ," ಎಂದಳು ಕೊನೆಯ ಸಾಲಿನಲ್ಲಿದ್ದ ಪುಟ್ಟಮಾದಮ್ಮ.

ಯಜಮಾನರು ಮತ್ತೆ ಹೇಳಿದರು, ಈ ಸಲ ಜೋರಾಗಿ. ಬೈಸಿಕೊಂಡಾಗ ಒಂದು ಹನಿಯೂ ಹಾಕದ ಪ್ರೇಮಾ ಅಲ್ಲೇ ಸೊಪ್ಪಿನ ಸಾಲಿನಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.