ಭವಿತಾ ನಿಲ್ಲಿಸಿದ ಮಾತ್ರೆ

ಕಲ್ಲುಗುಂಡಿಯ ಭವಿತಾಳಿಗೆ ಹೈಸ್ಕೂಲಿನಲ್ಲಿದ್ದಾಗಿನಿಂದ ಫಿಟ್ಸ್. ದಿನವೂ ಮಾತ್ರೆ ನುಂಗುತ್ತಿದ್ದುದರಿಂದ ಮದುವೆಯಾದ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಅವಳು ಬಸುರಿ ಎಂದು ಗೊತ್ತಾದ ವಾರದಲ್ಲೇ ಅತ್ತೆ ಕಮಲಾವತಿಯ ಫೋನಿಗೆ ಒಂದು ವಿಡಿಯೋ ಬಂತು. ಫಿಟ್ಸ್ ಮಾತ್ರೆ ತೆಗೆದುಕೊಂಡರೆ ಹುಟ್ಟುವ ಮಗುವಿಗೆ ಊನ ಎಂದು ಅದರಲ್ಲಿ ಯಾರೋ ಹೇಳುತ್ತಿದ್ದರು.

"ನಿಜವಾ ಸುಳ್ಳಾ ಗೊತ್ತಿಲ್ಲ. ಆದ್ರೂ ಸದ್ಯಕ್ಕೆ ಬಿಡು," ಎಂದರು ಕಮಲಾವತಿ.

ಭವಿತಾ ಬಿಟ್ಟಳು. ಗಂಡ ಲತೀಶನಿಗೂ ಹೇಳಲಿಲ್ಲ.

ಪಕ್ಕದ ಮನೆಯ ರಸೀನಾ ಪೇಟೆಯ ಮೆಡಿಕಲ್‌ನಲ್ಲಿ ಫಾರ್ಮಸಿಸ್ಟ್. ಭವಿತಾ ಮಾತ್ರೆ ಒಯ್ಯಲು ಅಂಗಡಿಗೆ ಬಾರದಿರುವುದನ್ನು ಕಂಡು ಅವಳಿಗೆ ಅನುಮಾನ. ಒಂದು ಸಂಜೆ ಕೇಳಿಯೇ ಬಿಟ್ಟಳು.

"ಕಮಲಕ್ಕ, ಭವಿತಾನ ಮಾತ್ರೆ ಮುಗಿದಿರ್ಬೇಕಲ್ಲ. ಬೇರೆ ಕಡೆಯಿಂದ ತಂದ್ರಾ?"

"ಯಾಕೆ, ನಿಮ್ಮ ಅಂಗಡಿಗೆ ವ್ಯಾಪಾರ ಕಮ್ಮಿ ಆಯ್ತಾ?"

ರಸೀನಾಳ ಮುಖ ಸಣ್ಣದಾಯಿತು. "ನನ್ನ ಮೇಲೆ ಸಂಶಯ ಇದ್ರೆ ಇರ್ಲಿ. ಆದ್ರೆ ಆ ಮಾತ್ರೆ ಒಮ್ಮೆಲೇ ನಿಲ್ಲಿಸ್ಬಾರ್ದು. ಬಸುರಿ ಅಂತ ಡಾಕ್ಟ್ರಿಗೆ ಹೇಳಿದ್ದೀರಾ?"

"ಹೇಳಿದ್ರೆ ಮತ್ತೆ ಅದನ್ನೇ ಬರೀತಾರೆ. ಅವರಿಗೆಂತ, ಮಗು ನಮ್ಮದಲ್ವಾ?"

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದ ಭವಿತಾ ಕಲ್ಲಿನ ಮೇಲೆ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು. ಕೈಗೆ ಹಿಡಿಸಲು ಕಬ್ಬಿಣದ ಬೀಗದ ಕೈ ಹುಡುಕುತ್ತ ಕಮಲಾವತಿ ಓಡಿದರು. ಕೂಗು ಕೇಳಿ ಬಂದ ರಸೀನಾ, "ಕೀ ಬೇಡ, ಬಾಯಿಗೂ ಎಂತ ಹಾಕ್ಬೇಡಿ," ಎನ್ನುತ್ತ ಭವಿತಾಳನ್ನು ಒಂದು ಮಗ್ಗುಲಿಗೆ ತಿರುಗಿಸಿ ತಲೆಯಡಿಗೆ ಬಟ್ಟೆ ಇಟ್ಟಳು. ಅದುರುವುದು ನಿಂತಿತು. ಹಣೆಯಿಂದ ರಕ್ತ ಬರುತ್ತಿತ್ತು. ಲತೀಶ ಗಾಬರಿಯಲ್ಲೇ ರಿಕ್ಷಾ ತಂದ. ಎಲ್ಲರೂ ಸುಳ್ಯದ ಆಸ್ಪತ್ರೆಗೆ ಹೋದರು.

ಅಲ್ಲಿ ಡಾಕ್ಟರ್ ದೀಪ್ತಿ ಗಾಯಕ್ಕೆ ಹೊಲಿಗೆ ಹಾಕಿದರು. ಮಗುವಿನ ಎದೆಬಡಿತ ಸಿಕ್ಕಿತು. ಮಾತ್ರೆ ಬಿಟ್ಟದ್ದನ್ನು ಕೇಳಿ, ಫಿಟ್ಸ್ ಬಂದದ್ದು ಅದರಿಂದಲೇ ಎಂದರು. ಆದರೂ ಕಮಲಾವತಿಗೆ ಆ ಮಾತ್ರೆಯ ಮೇಲೆ ನಂಬಿಕೆ ಬರಲಿಲ್ಲ.

"ಒಂದು ಕೇಳ್ತೇನೆ ಡಾಕ್ಟ್ರೆ. ಈ ಮದ್ದನ್ನು ಬಸುರಿಯರ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರಾ?"

"ಇಲ್ಲ," ಎಂದರು ಡಾಕ್ಟರ್.

ಈ ಉತ್ತರವನ್ನು ಕಮಲಾವತಿ ನಿರೀಕ್ಷಿಸಿರಲಿಲ್ಲ.

"ಹೊಸ ಮದ್ದನ್ನು ಮೊದಲು ಪ್ರಾಣಿಗಳ ಮೇಲೆ, ಮತ್ತೆ ಒಪ್ಪಿಕೊಂಡು ಬಂದ ಜನರ ಮೇಲೆ ಪರೀಕ್ಷೆ ಮಾಡ್ತಾರೆ. ಬಸುರಿಯರನ್ನು ಸಾಮಾನ್ಯವಾಗಿ ಸೇರಿಸುದಿಲ್ಲ. ಮದ್ದು ಅಂಗಡಿಗೆ ಬಂದ ಮೇಲೆ, ಅದನ್ನು ತೆಗೊಂಡ ತಾಯಂದಿರನ್ನೂ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿದ ಮೇಲೆಯೇ ಅಪಾಯ ಉಂಟಾ ಇಲ್ವಾ ಅಂತ ಗೊತ್ತಾಗುದು. ಭವಿತಾ ತೆಗೊಳ್ತಿದ್ದ ಮಾತ್ರೆಯಿಂದ ಮಗುವಿಗೆ ಅಪಾಯ ಉಂಟು ಅಂತ ಹಾಗೇ ಗೊತ್ತಾದದ್ದು. ನಿಮ್ಮ ಸಂಶಯ ಸುಳ್ಳಲ್ಲ."

"ಹಾಗಾದ್ರೆ ಬಿಡಿಸಿದ್ದು ಒಳ್ಳೇದಾಯ್ತು."

"ಇಲ್ಲಮ್ಮ. ಫಿಟ್ಸ್ ಬಂದ್ರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಅಪಾಯ ಕಡಿಮೆ ಇರುವ ಬೇರೆ ಮಾತ್ರೆಗಳು ಉಂಟು. ಮಗು ಬೇಕು ಅಂತ ಯೋಚನೆ ಮಾಡುವಾಗ್ಲೇ ಬಂದಿದ್ರೆ ಬದಲಾಯಿಸ್ಬಹುದಿತ್ತು."

"ಮಗುವಿಗೆ ಈಗಾಗ್ಲೇ ಎಂತಾದ್ರೂ ಆಗಿದ್ರೆ?" ಎಂದಳು ಭವಿತಾ.

"ಸ್ಕ್ಯಾನಿಂಗ್ ಮಾಡಿ ನೋಡುವ. ಈಗಲೇ ಹೇಳ್ಲಿಕ್ಕೆ ಆಗುದಿಲ್ಲ."

ಡಾಕ್ಟರ್ ದೀಪ್ತಿ ನರರೋಗ ತಜ್ಞರ ಜೊತೆ ಮಾತಾಡಿ ಮಾತ್ರೆ ಬದಲಿಸಿದರು. ಮಗುವಿನ ಮೆದುಳು, ಬೆನ್ನುಹುರಿ ಸರಿಯಾಗಿ ಬೆಳೆಯಲೆಂದು ಫೋಲಿಕ್ ಆಸಿಡ್ ಮಾತ್ರೆಯನ್ನೂ ಕೊಟ್ಟರು. ಐದನೇ ತಿಂಗಳ ಸ್ಕ್ಯಾನಿಂಗ್‌ವರೆಗೆ ಆ ಮನೆಯಲ್ಲಿ ಯಾರಿಗೂ ಅನ್ನ ರುಚಿಸಲಿಲ್ಲ. ಅದರಲ್ಲಿ ಯಾವ ದೋಷವೂ ಕಾಣಲಿಲ್ಲ ಎಂದ ದಿನ ಕಮಲಾವತಿ ನೇರ ರಸೀನಾಳ ಮನೆಗೆ ಹೋದರು. "ವ್ಯಾಪಾರದ ಮಾತು ನಾನು ಆಡ್ಬಾರ್ದಿತ್ತು ಮಾರಾಯ್ತಿ," ಎಂದು ಅವಳ ಕೈ ಹಿಡಿದುಕೊಂಡರು.

ಭವಿತಾಳಿಗೆ ಆರೋಗ್ಯವಂತ ಹೆಣ್ಣುಮಗು ಹುಟ್ಟಿತು. ಈಗ ಭವಿತಾಳಿಗೆ ತಲೆನೋವಿನ ಮಾತ್ರೆ ತರುವಾಗಲೂ ಕಮಲಾವತಿ ರಸೀನಾಳನ್ನು ಕೇಳುತ್ತಾರೆ: "ಇದು ಎದೆಹಾಲು ಕೊಡುವವರಿಗೆ ಆಗ್ತದಾ?"

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮದ್ದಿನ ಮೇಲೆ ಸಂಶಯ ಪಡುವುದು ತಪ್ಪಲ್ಲ. ಆದರೆ ಬಸುರಿಯಾದಾಗ ನೀವಾಗಿಯೇ ಮದ್ದು ನುಂಗಬೇಡಿ, ನೀವಾಗಿಯೇ ನಿಲ್ಲಿಸಲೂ ಬೇಡಿ. ನೋವಿನ ಮಾತ್ರೆಯಿರಲಿ, ಊರಿನ ಕಷಾಯವಿರಲಿ, ಏನೇನು ತೆಗೆದುಕೊಳ್ಳುತ್ತೀರೆಂದು ಡಾಕ್ಟರಿಗೆ ಹೇಳಿ. ದಿನವೂ ಮದ್ದು ತೆಗೆದುಕೊಳ್ಳುವವರು ಬಸುರಿಯಾಗುವ ಮೊದಲೇ ವಿಚಾರಿಸಿ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಇವತ್ತೇ ಅವರ ಜೊತೆ ಕೂತು ಮಾತಾಡಿ.